ಸುಣ್ಣ ಎಂದು ಬರೆದದ್ದು ನಾನು

2021ನೆಯ ಇಸವಿ. ಶಾಲೆಗಳು ಮುಚ್ಚಿ ಎರಡನೆಯ ವರ್ಷ ನಡೆಯುತ್ತಿತ್ತು. ನಾನು ಆಗ ಕಾಪು ತಾಲೂಕಿನ ಒಂದು ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲಿ ಮೇಲ್ವಿಚಾರಕನಾಗಿದ್ದೆ. ಗ್ರಾಮದ ಹೆಸರು ಬೇಡ. ತಪ್ಪು ನನ್ನದು, ಊರಿನದ್ದಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಪುಸ್ತಕಗಳಿಗೆ ನಂಬರು ಹಾಕುವುದು, ಪೇಪರುಗಳನ್ನು ಕೋಲಿಗೆ ಸಿಕ್ಕಿಸಿ ಇಡುವುದು, ಸಂಜೆ ಬೀಗ ಹಾಕುವುದು, ಇಷ್ಟೇ ನನ್ನ ಕೆಲಸ. ಅದನ್ನು ಇಪ್ಪತ್ತಾರು ವರ್ಷ ಮಾಡಿದ್ದೆ.

ಗ್ರಂಥಾಲಯಕ್ಕೆ ಮಕ್ಕಳು ಬರುವಂತಿರಲಿಲ್ಲ. ಹಾಗಾಗಿ ಫೋನಿನಲ್ಲಿ ‘ಮಕ್ಕಳ ಕಪಾಟು’ ಎಂಬ ವಾಟ್ಸಾಪ್ ಗುಂಪು ಮಾಡಿದೆ. ಮಣಿಪಾಲದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಶೈಲಜಾ ಮೇಡಂ ಇದಕ್ಕೆ ನೆರವಾದರು. ಮನೆಯಲ್ಲೇ ಕಲಿಯುವ ಮಕ್ಕಳಿಗೆಂದು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಚಟುವಟಿಕೆಗಳನ್ನು ಅವರು ಆರಿಸಿ ಕಳಿಸುತ್ತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಕನ್ನಡಕ್ಕೆ ಇಳಿಸಿ, ಅವರಿಗೆ ತೋರಿಸಿ, ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳೂಕಾಲಕ್ಕೆ ಗುಂಪಿಗೆ ಹಾಕುತ್ತಿದ್ದೆ. ನಲವತ್ತೆಂಟು ಮಕ್ಕಳಿದ್ದರು.

ಏಳೂಕಾಲಕ್ಕೇ ಯಾಕೆಂದರೆ, ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಎಂಟರ ಹೊತ್ತಿಗೆ ಅದು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಒಬ್ಬ ತಂದೆ ಕಾರ್ಕಳದ ಕಡೆ ಕಲ್ಲಿನ ಕೋರೆಗೆ, ಇನ್ನೊಬ್ಬರು ದೋಣಿಗೆ, ಮತ್ತೊಬ್ಬರು ಉಡುಪಿಯ ಅಂಗಡಿಗೆ. ಅಷ್ಟರೊಳಗೆ ಮಕ್ಕಳು ಚಟುವಟಿಕೆಯನ್ನು ನೋಟ್‌ಬುಕ್ಕಿಗೆ ನಕಲು ಮಾಡಿಕೊಳ್ಳಬೇಕು. ಇದು ನಾನೇ ಹಾಕಿಕೊಟ್ಟ ಕ್ರಮ. ಅಕ್ಷರ ಬಿಡಬಾರದು, ನಾನು ಬರೆದ ಹಾಗೆಯೇ ಬರೆಯಬೇಕು ಎಂದಿದ್ದೆ.

ಎಲ್ಲರಿಗಿಂತ ಮೊದಲು ಉತ್ತರ ಕಳಿಸುತ್ತಿದ್ದವಳು ಆರನೆಯ ತರಗತಿಯ ನಫೀಸಾ. ಮನೆಯಲ್ಲಿ ಬ್ಯಾರಿ ಭಾಷೆ ಆಡುವವರು. ತಂದೆ ಸೌದಿಯಲ್ಲಿ. ಮನೆಯಲ್ಲಿ ಇದ್ದದ್ದು ತಾಯಿ ಜೊಹರಾ ಮತ್ತು ತಂದೆಯ ತಾಯಿ ಬೀಪಾತುಮ್ಮ. ಫೋನು ತಾಯಿಯದ್ದಾದ್ದರಿಂದ ನಫೀಸಾಳಿಗೆ ಇಡೀ ದಿನ ಸಿಗುತ್ತಿತ್ತು. ನೆರಳಿನ ಗಡಿಯಾರ ಮಾಡುವ ಚಟುವಟಿಕೆ ಕಳಿಸಿದಾಗ ಅವಳದ್ದು ಒಂದು ಧ್ವನಿಸಂದೇಶ ಬಂತು. ‘ಸರ್, ನೀವು ಹೇಳಿದ ಜಾಗದಲ್ಲಿ ನೆರಳು ಬೀಳುವುದಿಲ್ಲ. ತೆಂಗಿನ ಮರ ಅಡ್ಡ ಉಂಟು. ನಾನು ಬಾವಿಕಟ್ಟೆಯ ಮೇಲೆ ಮಾಡಿದ್ದೇನೆ, ಸಾಕಾ?’ ನಾನು ಅದನ್ನು ಪಂಚಾಯತಿನಲ್ಲಿ ಎಲ್ಲರಿಗೂ ಕೇಳಿಸಿದ್ದೆ. ತಾಲೂಕಿನ ಸಭೆಯಲ್ಲಿ ನಮ್ಮ ಗುಂಪನ್ನು ಹೊಗಳಿದರು. ನಾನು ಸ್ವಲ್ಪ ಉಬ್ಬಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ.

ಒಮ್ಮೆ ನನ್ನ ಒಂದು ಅನುವಾದದಲ್ಲಿ, ತೋರಿಸಿದಾಗ ಅವರ ಕಣ್ಣಿಗೂ ಬೀಳದ ಒಂದು ತಪ್ಪು ಉಳಿದಿತ್ತು. ಶೈಲಜಾ ಮೇಡಂ ಅದನ್ನು ಗುಂಪಿನಲ್ಲೇ, ತಂದೆತಾಯಿಯರೆಲ್ಲ ನೋಡುವಂತೆ, ಒಂದು ನಗುವ ಮುಖದ ಜೊತೆ ತಿದ್ದಿದರು. ಅವರಿಗೆ ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ನನಗೆ ಮಾತ್ರ ಹತ್ತಿತು. ಮರುದಿನ ಪೇಪರು ಓದಲು ಬಂದ ಒಬ್ಬರು, ‘ಎಂತ ಮಾರಾಯ್ರೆ, ನಿಮಗೂ ಪರೀಕ್ಷೆ ಉಂಟಾ?’ ಎಂದು ನಕ್ಕರು. ಮುಂದಿನದ್ದನ್ನು ಯಾರಿಗೂ ತೋರಿಸದೆ ಹಾಕುತ್ತೇನೆ ಎಂದು ಆಗಲೇ ನಿಶ್ಚಯಿಸಿದೆ.

ಮುಂದಿನ ಚಟುವಟಿಕೆ, ಊದದೆ ಬಲೂನು ಉಬ್ಬಿಸುವುದು. ಬಾಟಲಿಗೆ ಬೇಕಾದ ವಸ್ತು ಹಾಕಿ, ಬಲೂನಿಗೆ ಅಡುಗೆ ಸೋಡಾ ತುಂಬಿ, ಅದನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಸೋಡಾ ಬೀಳಿಸಿದರೆ ಒಳಗಿನ ಗ್ಯಾಸಿನಿಂದ ಬಲೂನು ಉಬ್ಬುತ್ತದೆ. ವಸ್ತುಗಳ ಪಟ್ಟಿಯಲ್ಲಿ ‘ಲೈಮ್, ನಾಲ್ಕು ಚಮಚ’ ಎಂದಿತ್ತು. ಇಂಗ್ಲಿಷಿನಲ್ಲಿ ಲೈಮ್ ಎಂದರೆ ಲಿಂಬೆಯೂ ಹೌದು, ಸುಣ್ಣವೂ ಹೌದು. ಹತ್ತನೆಯ ತರಗತಿಯಲ್ಲಿ ನಮ್ಮ ಮಾಷ್ಟ್ರು ಒಂದು ಗ್ಲಾಸು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ, ಅದು ಹಾಲಿನಂತೆ ಬೆಳ್ಳಗಾದದ್ದನ್ನು ತೋರಿಸಿ, ಇದು ಗ್ಯಾಸಿನ ಕೆಲಸ ಎಂದಿದ್ದರು. ಬೋರ್ಡಿನಲ್ಲಿ ಬರೆದದ್ದು ‘ಲೈಮ್ ವಾಟರ್’. ನನಗೆ ಕಂಡದ್ದು ಆ ಬೋರ್ಡು. ಉಡುಪಿಯ ಹೋಟೆಲುಗಳಲ್ಲಿ ಲೈಮ್ ಸೋಡಾ ಎಷ್ಟು ಸಲ ಕುಡಿದಿಲ್ಲ ನಾನು! ಆ ಬೆಳಿಗ್ಗೆ ಅದು ನೆನಪಿಗೆ ಬರಲಿಲ್ಲ. ‘ಎಲೆಅಡಿಕೆಗೆ ಹಾಕುವ ಸುಣ್ಣ, ನಾಲ್ಕು ಚಮಚ’ ಎಂದು ಬರೆದೆ. ಮಕ್ಕಳಿಗೆ ಸುಲಭವಾಗಲಿ ಎಂದು ‘ಎಲೆಅಡಿಕೆಗೆ ಹಾಕುವ’ ಎಂಬುದನ್ನು ಸೇರಿಸಿದವನೂ ನಾನೇ.

‘ಬಲೂನು ಉಬ್ಬದಿದ್ದರೆ ಬಾಟಲಿಯನ್ನು ಮೆಲ್ಲನೆ ಅಲುಗಾಡಿಸಿ, ಒತ್ತಿ ನೋಡಿ’ ಎಂದು ಮೂಲದಲ್ಲಿತ್ತು. ಅದನ್ನೂ ಬರೆದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು: ಕಣ್ಣಿಗೆ ಏನಾದರೂ ಸಿಡಿದರೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ವೈದ್ಯರಲ್ಲಿಗೆ ಹೋಗಬೇಕು. ಸಂದೇಶ ಉದ್ದವಾಯಿತೆಂದು ಆ ಎರಡು ಸಾಲನ್ನು ಬಿಟ್ಟೆ.

ಏಳೂಕಾಲಕ್ಕೆ ಕಳಿಸಿದೆ. ಒಂದು ಮಗುವಿನ ಅಜ್ಜ ಕೂಡಲೇ ನನ್ನ ನಂಬರಿಗೆ, ನನಗೊಬ್ಬನಿಗೇ ಬರೆದರು, ‘ನಮಗೆ ಎಲೆಗೇ ಸುಣ್ಣ ಸಾಲುವುದಿಲ್ಲ ಸರ್, ಇನ್ನು ಬಲೂನಿಗೂ ಕೊಡಬೇಕಾ?’ ನಾನು ನಗುವ ಮುಖ ಕಳಿಸಿದೆ.

ಎಂಟಕ್ಕೆ ಎಂಟು ನಿಮಿಷ ಇರುವಾಗ ಫೋನು ಬಂತು. ಜೊಹರಾ. ಹಿಂದೆ ಮಗು ಕಿರುಚುವುದು ಕೇಳುತ್ತಿತ್ತು.

‘ಸರ್, ನಫೀಸನ ಕಣ್ಣಿಗೆ ಸುಣ್ಣ ಹಾರಿತು. ಬಲೂನು ಉಬ್ಬಲಿಲ್ಲ ಅಂತ ತೆಗೆದು, ಬಾಟಲಿಯ ಒಳಗೆ ನೋಡ್ತಾ ಒತ್ತಿದ್ದು. ಎಂತ ಹಾಕುವುದು ಸರ್ ಕಣ್ಣಿಗೆ?’

ನೀರು ಎಂದು ಹೇಳಬೇಕಿತ್ತು. ಒಂದು ಶಬ್ದ. ಒಂದು ಗಂಟೆ ಹಿಂದೆಯಷ್ಟೇ ನಾನು ಆ ಎರಡು ಸಾಲನ್ನು ಇಂಗ್ಲಿಷಿನಲ್ಲಿ ಓದಿದ್ದೆ. ನಾನು ಕೇಳಿದ್ದು, ‘ಬಾಟಲಿಗೆ ಸುಣ್ಣ ಯಾಕೆ ಹಾಕಿದ್ದು?’

‘ನೀವು ಕಳಿಸಿದ್ದರಲ್ಲಿ ಇದ್ದದ್ದಲ್ವಾ?’

‘ಒಂದು ನಿಮಿಷ, ಈಗ ಮಾಡ್ತೇನೆ’ ಎಂದು ಫೋನು ಇಟ್ಟೆ.

ಆ ಹೊತ್ತಿನಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ಏಕೆಂದರೆ ಇದಕ್ಕಿಂತ ದೊಡ್ಡ ಪಾಪ ನಾನು ಮಾಡಿಲ್ಲ. ಮೊದಲು ಮೂಲ ಹಾಳೆಯನ್ನು ಮತ್ತೆ ಓದಿದೆ. ಅದರಲ್ಲಿ ಒಂದು ಚಿತ್ರವಿತ್ತು, ದೊಡ್ಡದು ಮಾಡಿ ನೋಡಿದೆ. ಕತ್ತರಿಸಿದ ಲಿಂಬೆಹಣ್ಣು. ಕಳಿಸಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಕಳೆದರೆ ಸಂದೇಶವನ್ನು ಎಲ್ಲರ ಫೋನಿನಿಂದ ತೆಗೆಯಲು ಆಗ ಸಾಧ್ಯವಿರಲಿಲ್ಲ. ನನಗೆ ಇನ್ನೂ ಸಮಯವಿತ್ತು. ಗ್ರಂಥಾಲಯದ ರಿಜಿಸ್ಟರಿನಲ್ಲಿ ತಪ್ಪು ಬಿದ್ದರೆ ಅಳಿಸುವಂತಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ತಪ್ಪು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ಇಪ್ಪತ್ತಾರು ವರ್ಷ ಹಾಗೆ ಮಾಡಿದವನು ನಾನು. ಆ ದಿನ ‘ಎಲ್ಲರಿಗೂ ಅಳಿಸಿ’ ಎಂಬುದನ್ನು ಒತ್ತಿದೆ. ಅಜ್ಜನ ತಮಾಷೆಯ ಕೆಳಗಿದ್ದ ನನ್ನ ನಗುವ ಮುಖವನ್ನೂ ಅಳಿಸಿದೆ. ‘ಇವತ್ತಿನ ಚಟುವಟಿಕೆ ರದ್ದು’ ಎಂದು ಬರೆದೆ. ಕಾರಣ ಬರೆಯಲಿಲ್ಲ.

ಆಮೇಲೆ ಜೊಹರಾಳಿಗೆ ಫೋನು ಮಾಡಿದೆ. ಹನ್ನೊಂದು ನಿಮಿಷ ಕಳೆದಿತ್ತು. ಅವರು ಆಗಲೇ ರಿಕ್ಷಾದಲ್ಲಿದ್ದರು. ಬೀಪಾತುಮ್ಮ ಕಣ್ಣಿಗೆ ತೆಂಗಿನೆಣ್ಣೆ ಬಿಟ್ಟು ಸೆರಗಿನಲ್ಲಿ ಒರಸಿದ್ದರಂತೆ. ನೀರು ಹಾಕಿದಿರಾ ಎಂದು ಕೇಳಿದೆ. ‘ನೀವು ಹೇಳ್ತೀರಿ ಅಂತ ಕಾದದ್ದು ಸರ್’ ಎಂದಳು.

ಕಾಪುವಿನ ಒಬ್ಬ ವೈದ್ಯರು ಕಣ್ಣನ್ನು ತೊಳೆದು ಕೂಡಲೇ ಮಣಿಪಾಲಕ್ಕೆ ಕಳಿಸಿದರು. ನನಗೆ ಆಗ ಇನ್ನೊಂದು ಭಯ ಹುಟ್ಟಿತು. ಫೋನುಗಳಿಂದ ಸಂದೇಶ ಹೋಯಿತು, ನೋಟ್‌ಬುಕ್ಕುಗಳಿಂದ ಹೋಗಿಲ್ಲ. ಅಕ್ಷರ ಬಿಡದೆ ಬರೆದುಕೊಳ್ಳಿ ಎಂದು ಕಲಿಸಿದ್ದು ನಾನೇ. ತಂದೆಯರು ಫೋನು ತೆಗೆದುಕೊಂಡು ಹೋಗಿದ್ದಾರೆ. ‘ರದ್ದು’ ಎಂದು ನಾನು ಬರೆದದ್ದು ಕೋರೆಯಲ್ಲಿ, ದೋಣಿಯಲ್ಲಿ, ಅಂಗಡಿಯಲ್ಲಿ ಯಾರದ್ದೋ ಜೇಬಿನೊಳಗೆ ಬಿದ್ದಿದೆ. ಮನೆಗಳಲ್ಲಿ ಮಕ್ಕಳ ಹತ್ತಿರ ನೋಟ್‌ಬುಕ್ಕು ಉಂಟು, ಅಜ್ಜಿಯ ಡಬ್ಬದಲ್ಲಿ ಸುಣ್ಣ ಉಂಟು.

ಸ್ಕೂಟರು ತೆಗೆದುಕೊಂಡು ಮನೆಮನೆಗೆ ಓಡಿದೆ. ಎಲ್ಲೂರಿನ ರಸ್ತೆಯ ಬದಿಯಿಂದ ಹಿಡಿದು ಕಡಲಿನ ಕಡೆಯ ಕೊನೆಯ ಮನೆಯವರೆಗೆ. ಗೇಟಿನ ಹೊರಗೇ ನಿಂತು ಮಗುವಿನ ಹೆಸರು ಕೂಗುತ್ತಿದ್ದೆ. ಒಂದು ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಅಂಗಳದಲ್ಲಿ ಕುಳಿತಿದ್ದರು, ಬಾಟಲಿಗೆ ಸುಣ್ಣ ಹಾಕಿ ಆಗಿತ್ತು, ಬಲೂನಿಗೆ ಸೋಡಾ ತುಂಬುತ್ತಿದ್ದರು. ಬಾಟಲಿಯನ್ನು ಕಸಿದು ತೆಂಗಿನ ಬುಡಕ್ಕೆ ಎಸೆದೆ. ತಂಗಿ ಅತ್ತಳು.

ಅಲ್ಲಿಂದ ಮುಂದೆ ನಾನು ಬರಿಯ ಎಚ್ಚರಿಕೆ ಹೇಳಲಿಲ್ಲ. ‘ಇದರಲ್ಲಿ ತಪ್ಪು ಉಂಟು, ಆ ಹಾಳೆ ನನಗೆ ಬೇಕು’ ಎಂದು ನೋಟ್‌ಬುಕ್ಕಿನಿಂದ ಆ ಪುಟವನ್ನು ಹರಿದು ಕಿಸೆಗೆ ಹಾಕಿಕೊಂಡೆ. ಒಂದು ಮಗು ಪುಟದ ಹಿಂಬದಿಯಲ್ಲಿ ನವಿಲು ಬರೆದಿತ್ತು, ಕೊಡಲು ಒಪ್ಪಲಿಲ್ಲ. ಅದರ ತಾಯಿ ಮೀನು ಕುಯ್ಯುತ್ತಿದ್ದವರು ತಲೆಯೆತ್ತಿ, ‘ತಪ್ಪು ಇದ್ದರೆ ಒಂದು ಗೀಟು ಹಾಕಿದರೆ ಸಾಲದಾ ಸರ್, ಮಗುವಿನ ಚಿತ್ರ ಎಂತ ಮಾಡಿತು ನಿಮಗೆ?’ ಎಂದರು. ನಾನು ಕಿತ್ತುಕೊಂಡೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಕಿಸೆ ತುಂಬಿತ್ತು. ಇನ್ನಾವ ಮಗುವಿಗೂ ಏನೂ ಆಗಿರಲಿಲ್ಲ.

ಕೊನೆಗೆ ನಫೀಸಾಳ ಮನೆ. ಬೀಪಾತುಮ್ಮ ಒಬ್ಬರೇ ಬಾಗಿಲಲ್ಲಿ ಕುಳಿತಿದ್ದರು. ಎಲೆಯ ಡಬ್ಬವನ್ನು ಅಂಗಳದಾಚೆ ಎಸೆದಿದ್ದರು. ‘ನನ್ನ ಸುಣ್ಣ ಮಗುವಿನ ಕಣ್ಣು ತಿಂದಿತು’ ಎಂದು ಅದನ್ನೇ ಹೇಳುತ್ತಿದ್ದರು. ನೋಟ್‌ಬುಕ್ಕು ಕೇಳಿದೆ. ‘ತಕ್ಕೊಳ್ಳಿ, ಇನ್ನು ಅದು ಬೇಡ’ ಎಂದು ಕೊಟ್ಟರು. ಗುಂಡು ಅಕ್ಷರದಲ್ಲಿ, ನಾನು ಬರೆದ ಹಾಗೆಯೇ, ಒಂದಕ್ಷರ ಬಿಡದೆ ಇತ್ತು: ಎಲೆಅಡಿಕೆಗೆ ಹಾಕುವ ಸುಣ್ಣ, ನಾಲ್ಕು ಚಮಚ. ಆ ಪುಟವನ್ನೂ ಹರಿದು, ಮನೆಗೆ ಹೋಗಿ ಎಲ್ಲ ಹಾಳೆಗಳನ್ನೂ ಬಚ್ಚಲ ಒಲೆಗೆ ಹಾಕಿದೆ. ಆಮೇಲೆ ಅಂಗಿ ಬದಲಿಸಿ ಮಣಿಪಾಲದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ನಫೀಸಾಳ ಎಡಗಣ್ಣಿಗೆ ಪಟ್ಟಿ ಕಟ್ಟಿದ್ದರು. ರೆಪ್ಪೆಯ ಒಳಗೆ ಅಂಟಿದ್ದ ಸುಣ್ಣದ ಕಣಗಳನ್ನು ಒಂದೊಂದಾಗಿ ತೆಗೆಯಬೇಕಾಯಿತಂತೆ. ಸುಣ್ಣ ಕ್ಷಾರ ಪದಾರ್ಥ, ತೊಳೆಯುವವರೆಗೂ ಅದು ಒಳಗೆ ಸುಡುತ್ತಲೇ ಇರುತ್ತದೆ ಎಂದು ವೈದ್ಯರು ವಿವರಿಸಿದರು. ಮೊದಲ ಹತ್ತು ನಿಮಿಷ ನಳ್ಳಿಯ ಕೆಳಗೆ ಹಿಡಿದಿದ್ದರೆ ಎಷ್ಟೋ ಉಳಿಯುತ್ತಿತ್ತು, ಈಗ ಏನೂ ಹೇಳಲು ಆಗುವುದಿಲ್ಲ ಎಂದರು.

ಜೊಹರಾಳ ಕಣ್ಣು ಅತ್ತು ಕೆಂಪಾಗಿತ್ತು. ಸೌದಿಯಿಂದ ಗಂಡ ಫೋನಿನಲ್ಲಿ ಬೈದಿದ್ದ, ಒಂದು ಮಗುವನ್ನು ನೋಡಿಕೊಳ್ಳಲು ಆಗದವಳು ಎಂದು. ಅವಳು ನನ್ನನ್ನು ಕಂಡು ಎದ್ದು ನಿಂತಳು.

‘ಸರ್, ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ಮೆಸೇಜು ಈಗ ಕಾಣುವುದಿಲ್ಲ. ನೀವು ಎಂತ ಹಾಕಿದ್ದು ಅದರಲ್ಲಿ? ಮಗು ಸುಣ್ಣ ಅಂತ ಹೇಳ್ತದೆ.’

‘ಲಿಂಬೆ’ ಎಂದೆ.

ಹಾಸಿಗೆಯಿಂದ ಮಗು ಮೆಲ್ಲನೆ ಹೇಳಿತು, ‘ಇಲ್ಲ ಸರ್, ಸುಣ್ಣ ಅಂತ ಇತ್ತು. ನಾನು ಬರೆದಿದ್ದೇನೆ, ಪುಸ್ತಕದಲ್ಲಿ ಉಂಟು.’

‘ಸುಮ್ಮನಿರು’ ಎಂದಳು ತಾಯಿ. ‘ಸರ್ ಸುಳ್ಳು ಹೇಳ್ತಾರಾ?’

ನಾನು ತಂದಿದ್ದ ಬ್ರೆಡ್ಡಿನ ಪ್ಯಾಕೆಟು ಸ್ಟೂಲಿನ ಮೇಲೆ ಇಟ್ಟು ಹೊರಟೆ. ಸಂಜೆ ಶೈಲಜಾ ಮೇಡಂ ಫೋನು ಮಾಡಿದರು. ಅವರಿಗೂ ಲಿಂಬೆ ಎಂದೇ ಹೇಳಿದೆ. ‘ಹಾಗಾದರೆ ಡಿಲೀಟ್ ಯಾಕೆ ಮಾಡಿದಿರಿ?’ ಎಂದು ಕೇಳಿದರು. ಗಾಬರಿಯಾಗಿ ಎಂದೆ. ಅವರು ಆಮೇಲೆ ಚಟುವಟಿಕೆ ಕಳಿಸುವುದನ್ನೇ ನಿಲ್ಲಿಸಿದರು. ಗುಂಪು ತಾನಾಗಿ ನಿಂತುಹೋಯಿತು.

ಹಾಳೆ ಕೊಟ್ಟ ತಾಯಂದಿರು ಇದ್ದರಲ್ಲ, ಯಾರೂ ಬಾಯಿ ಬಿಡಲಿಲ್ಲವೇ ಎಂದು ಓದುವವರಿಗೆ ಅನ್ನಿಸಬಹುದು. ಕೆಲವರು ಹೇಳಿದರು. ಅದು ನನ್ನ ಕಿವಿಗೂ ಬಿತ್ತು. ಆದರೆ ಹಾಳೆ ಯಾರಲ್ಲಿಯೂ ಇರಲಿಲ್ಲ, ನಾನು ಎಷ್ಟೋ ವರ್ಷದ ‘ಲೈಬ್ರರಿ ಸರ್’. ಮಕ್ಕಳು ತಪ್ಪು ಬರೆದುಕೊಂಡಿರಬೇಕು, ಸರ್ ಪಾಪ ಅದಕ್ಕೇ ಓಡಿ ಬಂದು ತೆಗೆದರು ಎಂದು ಮಾತು ತಿರುಗಿತು. ಅದನ್ನು ನಾನು ತಿದ್ದಲಿಲ್ಲ.

ನಫೀಸಾಳಿಗೆ ಎರಡು ಸಲ ಆಪರೇಷನ್ ಆಯಿತು. ಎಡಗಣ್ಣಿನ ಮೇಲೆ ಬಿಳಿ ಪೊರೆ ಉಳಿಯಿತು, ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಮಗುವನ್ನು ನೋಡಿಕೊಳ್ಳಲು ಆಗದವಳು ಎಂದು ಗಂಡನ ಮನೆಯಲ್ಲಿ ದಿನವೂ ಅದೇ ಮಾತು ಕೇಳಿ ಸಾಕಾಗಿ ಜೊಹರಾ ಮಗಳನ್ನು ಕರೆದುಕೊಂಡು ಕಾರ್ಕಳದ ಬಳಿಯ ಕುಕ್ಕುಂದೂರಿನ ತನ್ನ ತವರಿಗೆ ಹೋದಳು. ಅಲ್ಲಿಂದ ಮಣಿಪಾಲಕ್ಕೆ ಹೋಗಿ ಬರಲು ಅಣ್ಣನ ನೆರವು ಸಿಗುತ್ತದೆ ಎಂದು ಹೊರಗೆ ಹೇಳಿದರು. ಬೀಪಾತುಮ್ಮ ಸೊಸೆಯ ಮುಖ ಕಾಣದೆ ತೀರಿಕೊಂಡರು. ನಾನು ಅಷ್ಟು ಹೊತ್ತಿಗೆ ಅರುವತ್ತು ತುಂಬಿ ನಿವೃತ್ತನಾದೆ. ಪಂಚಾಯತಿನಲ್ಲಿ ಶಾಲು ಹೊದೆಸಿ, ಕೊರೊನಾ ಕಾಲದಲ್ಲಿ ಮಕ್ಕಳಿಗಾಗಿ ದುಡಿದವರು ಎಂದರು. ನಾನು ಆ ಶಾಲನ್ನು ಹೊದ್ದುಕೊಂಡೇ ಕುಳಿತಿದ್ದೆ.

ಕಳೆದ ವರ್ಷ ಒಂದು ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಎತ್ತರವಾಗಿದ್ದಳು, ಹೈಸ್ಕೂಲಿನ ಸಮವಸ್ತ್ರ. ಎದುರಿಗೆ ನಿಂತ ಬಸ್ಸಿನ ಬೋರ್ಡಿನಲ್ಲಿ ದೊಡ್ಡದಾಗಿ ಮಣಿಪಾಲ ಎಂದಿತ್ತು. ಅವಳು ಅದನ್ನು ನೋಡಿದಳು, ಪಕ್ಕದ ಹೆಂಗಸಿನ ಹತ್ತಿರ ಇದು ಮಣಿಪಾಲಕ್ಕೆ ಹೋಗುವುದಾ ಎಂದು ಕೇಳಿದಳು, ಮತ್ತೆ ಬೋರ್ಡು ನೋಡಿದಳು, ಕಂಡಕ್ಟರನನ್ನೂ ಕೇಳಿದಳು. ಇನ್ನೊಂದು ಕಣ್ಣೂ ಹೋಯಿತೇ ಎಂದು ಹೆದರಿ ಕಂಬದ ಹಿಂದೆ ಅಡಗಿ ನಿಂತೆ. ಮದುವೆಗೆ ಹೋಗಲಿಲ್ಲ. ಎರಡು ವಾರ ಅನ್ನ ಸೇರಲಿಲ್ಲ. ಮೂರನೆಯ ವಾರ ಕುಕ್ಕುಂದೂರಿಗೆ ಹೋದೆ.

ಜೊಹರಾ ಜಗಲಿಯಲ್ಲಿ ಹೊಲಿಗೆ ಮೆಷಿನಿನ ಮುಂದೆ ಇದ್ದಳು. ನನ್ನ ಗುರುತು ಹಿಡಿದು, ಒಳಗೆ ಬನ್ನಿ ಸರ್ ಎಂದು ಕುರ್ಚಿ ಎಳೆದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಫೋನು ಇಟ್ಟದ್ದು, ಅಳಿಸಿದ್ದು, ಹಾಳೆ ಹರಿದದ್ದು, ಸುಟ್ಟದ್ದು. ನಫೀಸಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತದ್ದು ನನಗೆ ಆಮೇಲೆ ಗೊತ್ತಾಯಿತು.

ಜೊಹರಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

‘ನೀವು ಆ ದಿನ ಲಿಂಬೆ ಅಂತ ಹೇಳಿ ಹೋದಿರಲ್ಲ ಸರ್’ ಎಂದಳು. ‘ನೀವು ಹೋದ ಮೇಲೆ ನಾನು ಇವಳಿಗೆ ಹೊಡೆದೆ. ಕಣ್ಣಿಗೆ ಪಟ್ಟಿ ಇತ್ತು. ಸುಳ್ಳು ಹೇಳಬೇಡ ಅಂತ ಹೊಡೆದೆ.’

ಅವಳು ಫೋನು ಎತ್ತಿ ಗಂಡನಿಗೆ ಕರೆ ಮಾಡಿ, ನನ್ನ ಕೈಗೆ ಕೊಟ್ಟು, ‘ಇವರಿಗೂ ಹೇಳಿ’ ಎಂದಳು. ಹೇಳಿದೆ. ಆ ಕಡೆಯಿಂದ ಫೋನು ಕಟ್ಟಾಯಿತು.

ಆಗ ನಫೀಸಾ ಕೇಳಿದಳು, ‘ಹಾಗಾದರೆ ನಾನು ಓದಿದ್ದು ಸರಿ ಇತ್ತಾ ಸರ್?’

‘ಸರಿ ಇತ್ತು ಮಗಾ.’

‘ನನಗೆ ಓದಲಿಕ್ಕೆ ತಪ್ಪುತ್ತದೆ ಅಂತ ಎಲ್ಲರೂ ಹೇಳಿದರು. ನಾನೂ ಹಾಗೆಯೇ ಅಂತ ಎಣಿಸಿದ್ದೆ.’ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಈಗ ಪರೀಕ್ಷೆಯಲ್ಲಿ ಪ್ರತಿಯೊಂದು ಪ್ರಶ್ನೆಯನ್ನೂ ಮೂರು ಸಲ ಓದುತ್ತಾಳಂತೆ, ಹಾಗಾಗಿ ಕೊನೆಯ ಪ್ರಶ್ನೆಗಳಿಗೆ ಸಮಯ ಸಾಲುವುದಿಲ್ಲವಂತೆ. ಬಲಗಣ್ಣಿಗೆ ಏನೂ ಆಗಿಲ್ಲ. ಬಸ್ಸಿನ ಬೋರ್ಡು ಅವಳಿಗೆ ಚೆನ್ನಾಗಿಯೇ ಕಾಣುತ್ತದೆ.

ಈ ಕೆಲಸ ನಿಮಗೆ ಕಲಿಸಿದ್ದೇನು ಎಂದು ನನ್ನ ಜಾಗಕ್ಕೆ ಬಂದ ಹುಡುಗಿ ಇತ್ತೀಚೆಗೆ ಕೇಳಿದಳು. ಮಕ್ಕಳಿಗೆ ಏನು ಕಳಿಸಿದರೂ ಇನ್ನೊಬ್ಬರಿಗೆ ತೋರಿಸಿ ಕಳಿಸು, ಅಪಾಯ ಬಂದರೆ ಏನು ಮಾಡಬೇಕೆಂಬುದನ್ನು ಮೊದಲ ಸಾಲಿನಲ್ಲಿ ಬರೆ, ತಪ್ಪು ಹೋದರೆ ಅಳಿಸಬೇಡ, ಅದರ ಕೆಳಗೇ ಇದು ನನ್ನ ತಪ್ಪು ಎಂದು ಬರೆ ಎಂದೆ. ಅವಳು ತಲೆಯಾಡಿಸಿದಳು. ಇದನ್ನೆಲ್ಲ ಬಾಯಲ್ಲಿ ಹೇಳುವುದು ಸುಲಭ. ನನಗೆ ಅದು ಅರ್ಥವಾದದ್ದು ಕುಕ್ಕುಂದೂರಿನ ಆ ಜಗಲಿಯಲ್ಲಿ.

ಅಲ್ಲಿಂದ ನಾನು ಹೊರಡುವಾಗ ನಫೀಸಾ ಒಂದು ಹಾಳೆ, ಪೆನ್ನು ತಂದು, ‘ಬರೆದು ಕೊಡಿ ಸರ್’ ಎಂದಳು. ಆ ದಿನದ ಸಂದೇಶದಲ್ಲಿ ಸುಣ್ಣ ಎಂದು ಬರೆದದ್ದು ನಾನು, ನಫೀಸಾ ಓದಿದ್ದು ಸರಿ, ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಬರೆದು ಸಹಿ ಹಾಕಿದೆ. ಅವಳು ಬೆರಳಿಟ್ಟು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಹಾಳೆಯನ್ನು ತಾಯಿಯ ಕಡೆಗೆ ಚಾಚಿದಳು.

‘ಉಮ್ಮಾ, ಹೀಗೆಯೇ ಉಂಟಾ, ನೋಡು.’